ಪಕ್ಷಿನೋಟಕ್ಕೂ ನಕ್ಷೆಗೂ ಎಷ್ಟು ದೂರ?

ನಕ್ಷೆ, ಭಿತ್ತಿಚಿತ್ರ, ಗಾಳಿಪಟ, ಡ್ರೋನ್, ಸಿನಿಮಾ – ಮೇಲಿನಿಂದ ಕಾಣುವ ನೋಟದ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಬಹುಪಾಲು ಪ್ರಶ್ನೆಗಳ ಬುಡದಲ್ಲಿರುವುದು ಒಂದೇ ಗೊಂದಲ: ಮೇಲಿನಿಂದ ತೆಗೆದದ್ದು ಅಂದಮೇಲೆ ಅಳತೆಗೆ ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ. ಎಷ್ಟು ಎತ್ತರದಿಂದ, ಎಷ್ಟು ಓರೆಯಾಗಿ, ಯಾವ ಬೆಳಕಿನಲ್ಲಿ ಎಂದು ಕೇಳದೆ ಅಂಥ ಯಾವ ಚಿತ್ರವನ್ನೂ ನಂಬಬೇಡಿ.

ಪ್ರ: ದಿಶಾಂಕ್ ಆ್ಯಪ್ ತೆರೆದು ನಮ್ಮ ಗದ್ದೆಯಲ್ಲಿ ನಿಂತರೆ ಸರ್ವೆ ನಂಬರಿನ ಗೆರೆ ಪಕ್ಕದವರ ಗದ್ದೆಯೊಳಗೆ ಇಪ್ಪತ್ತು ಅಡಿ ಹೋಗಿರುತ್ತದೆ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ನಾವೇ ಕೂರಿಸಿದರೆ ಸರಿಯಾಗುತ್ತದೆಯೇ? – ರೈತರು, ಪಾಂಡವಪುರ ತಾಲ್ಲೂಕು

ಉ: ಇಪ್ಪತ್ತು ಅಡಿಯ ವ್ಯತ್ಯಾಸಕ್ಕೆ ಯಾರೂ ಒತ್ತುವರಿ ಮಾಡಿರಬೇಕಿಲ್ಲ, ಲೆಕ್ಕ ನೋಡಿ. ನಮ್ಮ ಗ್ರಾಮ ನಕ್ಷೆಗಳ ಅಳತೆ ಸಾಮಾನ್ಯವಾಗಿ 1:7920. ಅಂದರೆ ಹಾಳೆಯ ಮೇಲಿನ ಒಂದು ಇಂಚು ನೆಲದ ಮೇಲೆ 660 ಅಡಿ. ಆ ಕಾಲದ ನಿಬ್ಬಿನಲ್ಲಿ ಎಳೆದ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೂ ಅದರಡಿ ಮುಚ್ಚಿಹೋಗುವ ನೆಲ ಸುಮಾರು 4 ಮೀಟರ್, 13 ಅಡಿ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ, ತೆಂಗಿನ ತೋಟದೊಳಗೆ ಇನ್ನೂ ಹೆಚ್ಚು. ಎರಡೂ ಒಂದೇ ಕಡೆಗೆ ಸರಿದರೆ ಇಪ್ಪತ್ತೈದು ಅಡಿ ದಾಟುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹೆಚ್ಚುಕಮ್ಮಿ ಒಂದು ಗುಂಟೆಯ ಅಗಲವೇ ಗೆರೆಯಲ್ಲೂ ಜಿಪಿಎಸ್‌ನಲ್ಲೂ ಕರಗಿಹೋಗುತ್ತದೆ.

ನಕ್ಷೆಯನ್ನು ಚಿತ್ರದ ಮೇಲೆ ಕೂರಿಸುವುದು ಕಷ್ಟವಲ್ಲ, ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಆದರೆ ಮೊಬೈಲಿನಲ್ಲಿ ಫೋಟೊ ತೆಗೆದ ನಕ್ಷೆ ಬೇಡ, ಅಂಚುಗಳು ಬಾಗಿರುತ್ತವೆ. ಜೆರಾಕ್ಸ್ ಅಂಗಡಿಯ ದೊಡ್ಡ ಸ್ಕ್ಯಾನರಿನಲ್ಲಿ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಆಗ ಒಂದು ಪಿಕ್ಸೆಲ್ ಎಂದರೆ ನೆಲದಲ್ಲಿ 2.2 ಅಡಿ. ಆಮೇಲೆ ನಕ್ಷೆಯಲ್ಲೂ ಚಿತ್ರದಲ್ಲೂ ಖಚಿತವಾಗಿ ಸಿಗುವ ಬಿಂದುಗಳನ್ನು ಹುಡುಕಿ: ಮೂರು ಊರುಗಳ ಎಲ್ಲೆ ಕೂಡುವ ಕಲ್ಲು, ಹಳೆಯ ದೇವಸ್ಥಾನದ ಮೂಲೆ, ಕೆರೆ ಏರಿಯ ತುದಿ, ಹಳೇ ಗಾಡಿ ದಾರಿಗಳು ಕೂಡುವ ಜಾಗ. ಕಡಿಮೆಯೆಂದರೆ ಆರು ಬಿಂದು ಬೇಕು, ಅವು ಊರಿನ ನಾಲ್ಕೂ ಅಂಚಿಗೆ ಹರಡಿರಬೇಕು. ಎಲ್ಲ ಬಿಂದುಗಳನ್ನೂ ಊರ ನಡುವೆಯೇ ಹಿಡಿದರೆ ಅಂಚಿನ ಜಮೀನು ಎಲ್ಲಿಗೋ ಹೋಗುತ್ತದೆ. ನಾಲೆಯನ್ನು ಬಿಂದುವಾಗಿ ಹಿಡಿಯುವ ಮೊದಲು ನಕ್ಷೆಯ ಇಸವಿ ನೋಡಿ. ವಿಶ್ವೇಶ್ವರಯ್ಯ ನಾಲೆಗಿಂತ ಹಿಂದಿನ ಅಳತೆಯಾಗಿದ್ದರೆ ಈಗಿನ ಗದ್ದೆ ಬಯಲೇ ಅದರಲ್ಲಿ ಇರುವುದಿಲ್ಲ.

ಮರವನ್ನು ಗುರುತಾಗಿ ಹಿಡಿಯುವುದಾದರೆ ಬುಡ ನೋಡಿ, ತಲೆ ನೋಡಬೇಡಿ. ಉಪಗ್ರಹ ನೆತ್ತಿಗೆ ನೇರವಾಗಿರದೆ 20 ಡಿಗ್ರಿ ಓರೆಯಿಂದ ನೋಡಿದ್ದರೆ 15 ಮೀಟರ್ ಎತ್ತರದ ತೆಂಗಿನ ತಲೆ ಚಿತ್ರದಲ್ಲಿ ಬುಡದಿಂದ ಐದೂವರೆ ಮೀಟರ್ ಆಚೆ ಬಿದ್ದಿರುತ್ತದೆ. ತೆವರಿಯ (ಗದ್ದೆಯ ಬದುವಿನ) ಮೇಲೆ ನೆಟ್ಟ ತೆಂಗಿನ ಸಾಲು ಪಕ್ಕದ ಗದ್ದೆಯಲ್ಲಿ ನಿಂತಂತೆ ಕಾಣುವುದು ಇದರಿಂದಲೇ.

ಇಷ್ಟು ಮಾಡಿದ ಮೇಲೂ ಹಾಳೆಯದೇ ಒಂದು ತೊಡಕು ಉಳಿಯುತ್ತದೆ. ಹಳೆಯ ಕಾಗದ ಕುಗ್ಗಿರುತ್ತದೆ. ಇಪ್ಪತ್ತು ಇಂಚಿನ ಹಾಳೆ ಹತ್ತನೇ ಒಂದು ಇಂಚು ಕುಗ್ಗಿದ್ದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 66 ಅಡಿ ಹೋಯಿತು. ಬಿಂದುಗಳನ್ನು ಎಲ್ಲೆಡೆ ಹರಡಿಕೊಂಡರೆ ತಂತ್ರಾಂಶ ಇದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ, ಪೂರ್ತಿಯಾಗಿ ಅಲ್ಲ. ಇಂಥ ನಕ್ಷೆ ಯಾವ ಸರ್ವೆ ನಂಬರು ಎಲ್ಲಿದೆ, ಹಳೆಯ ದಾರಿ ಎಲ್ಲಿ ಹಾದುಹೋಗುತ್ತಿತ್ತು ಎಂದು ತಿಳಿಯಲು ಬಹಳ ಒಳ್ಳೆಯದು. ತೆವರಿಯ ಜಗಳಕ್ಕೆ ಮಾತ್ರ ಇದನ್ನು ತರಬೇಡಿ. ಹದ್ದುಬಸ್ತಿಗೆ, ಅಂದರೆ ಎಲ್ಲೆ ಗುರುತಿಸಿಕೊಡಲು, ಅರ್ಜಿ ಹಾಕಿ, ಮೂಲ ಸರ್ವೆಯ ಟಿಪ್ಪಣಿಯ ಅಳತೆ ಹಿಡಿದು ಬಾಂದು (ಎಲ್ಲೆ) ಕಲ್ಲಿನಿಂದ ಅಳೆಸುವುದೊಂದೇ ದಾರಿ. ಟಿಪ್ಪಣಿಯಲ್ಲಿ ಸರಪಳಿ ಹಿಡಿದು ಅಳೆದ ಅಂಕಿಗಳಿರುತ್ತವೆ; ಗ್ರಾಮ ನಕ್ಷೆಯಲ್ಲಿ ಇರುವುದು ಆ ಅಂಕಿಗಳಿಂದ ಬರೆದ ಚಿತ್ರ ಮಾತ್ರ.

ಪ್ರ: ಉಪಗ್ರಹ ಚಿತ್ರದಲ್ಲಿ ಚಾಮುಂಡಿ ಬೆಟ್ಟ ಕೆಲವೊಮ್ಮೆ ದೊಡ್ಡ ಹಳ್ಳದಂತೆ ಕಾಣುತ್ತದೆ. ನನ್ನ ಕಣ್ಣಿನ ದೋಷವೇ? – ವಿದ್ಯಾರ್ಥಿನಿ, ಸರಸ್ವತಿಪುರಂ

ಉ: ಕಣ್ಣಿಗೆ ಏನೂ ಆಗಿಲ್ಲ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಮಿದುಳು ಮೊದಲೇ ನಿರ್ಧರಿಸಿಕೊಂಡಿರುತ್ತದೆ. ಚಿತ್ರ ನೋಡುವಾಗಲೂ ಹಾಳೆಯ ಮೇಲಂಚಿನ ಕಡೆಯಿಂದ ಬೆಳಕು ಬಂದಿದೆ ಎಂದೇ ಎಣಿಸುತ್ತದೆ. ಭೂಮಿಯ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2ರಂಥ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಹತ್ತು, ಹತ್ತೂವರೆಯ ಸುಮಾರಿಗೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ, ಬೆಟ್ಟದ ನೆರಳು ವಾಯವ್ಯಕ್ಕೆ ಬೀಳುತ್ತದೆ. ಉತ್ತರ ಮೇಲಿರುವ ಚಿತ್ರದಲ್ಲಿ ಅದು ಮೇಲೆ ಎಡಕ್ಕೆ ಬಿದ್ದ ನೆರಳು. ಮೇಲಿನ ಇಳಿಜಾರು ಕಪ್ಪು, ಕೆಳಗಿನದು ಬೆಳಕು. ಮೇಲಿನಿಂದ ಬೆಳಕು ಬೀಳುವ ಹಳ್ಳ ಕಾಣುವುದೂ ಹೀಗೆಯೇ, ಅದಕ್ಕೇ ಮಿದುಳು ಮೋಸಹೋಗುತ್ತದೆ. ಮೋಡವಿಲ್ಲದ ಚಿತ್ರಗಳು ನಮಗೆ ಹೆಚ್ಚಾಗಿ ಸಿಗುವುದೂ ಆ ತಿಂಗಳುಗಳಲ್ಲೇ, ಆದ್ದರಿಂದ ಮೈಸೂರಿನವರಿಗೆ ಈ ಮೋಸ ಪದೇಪದೇ ಆಗುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ಬೆಟ್ಟ ತಟ್ಟನೆ ಎದ್ದು ನಿಲ್ಲುತ್ತದೆ.

ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಆ ದಿನಗಳಲ್ಲಿ ತೆಗೆದ ಚಿತ್ರ ಸಿಕ್ಕರೆ ಈ ತೊಂದರೆ ಅಷ್ಟಾಗಿ ಇರುವುದಿಲ್ಲ. ನಕ್ಷೆ ಮಾಡುವವರು ಬೆಟ್ಟಕ್ಕೆ ನೆರಳು ಹಚ್ಚುವಾಗ ವಾಯವ್ಯದಲ್ಲಿ, 45 ಡಿಗ್ರಿ ಎತ್ತರದಲ್ಲಿ ದೀಪ ಇಟ್ಟಂತೆ ಹಚ್ಚುವುದು ರೂಢಿ. ಆ ದಿಕ್ಕಿನಲ್ಲಿ ಅಷ್ಟು ತಗ್ಗಿನಲ್ಲಿ ಸೂರ್ಯ ನಮ್ಮೂರಿನಲ್ಲಿ ಯಾವತ್ತೂ ನಿಲ್ಲುವುದಿಲ್ಲ. ಆದರೂ ಬೆಟ್ಟ ಬೆಟ್ಟವಾಗಿ ಕಾಣಬೇಕಾದರೆ ಆ ಸುಳ್ಳು ಬೆಳಕೇ ಬೇಕು.

ಪ್ರ: ವಿಮಾನವೇ ಇಲ್ಲದ ಕಾಲದಲ್ಲಿ ಮೇಲಿನಿಂದ ನೋಡಿದಂತೆ ನಕ್ಷೆ ಹೇಗೆ ಬರೆದರು? ಮಕ್ಕಳಿಗೆ ಮಾಡಿ ತೋರಿಸಲು ಬರುತ್ತದೆಯೇ? – ಪ್ರೌಢಶಾಲೆಯ ಗಣಿತ ಶಿಕ್ಷಕರು, ಮಂಡ್ಯ

ಉ: ನೆಲದ ಮೇಲೇ ನಿಂತು, ಕೋನ ಅಳೆದು. ಈ ಕಥೆ ನಿಮ್ಮ ಜಿಲ್ಲೆಯಿಂದಲೇ ಶುರುವಾಗುತ್ತದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಅದು ಮುಗಿದ ಮೇಲೆ ದಕ್ಷಿಣ ಭಾರತವನ್ನು ತ್ರಿಕೋನಗಳಿಂದ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆ ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ರೇಖೆ ಅಳೆದು ಮಹಾ ತ್ರಿಕೋನಮಾಪನ ಆರಂಭಿಸಿದ. ಕೋನ ಅಳೆಯುವ ಅವನ ದೊಡ್ಡ ಯಂತ್ರ, ಥಿಯೊಡೊಲೈಟ್, ಅರ್ಧ ಟನ್ ತೂಗುತ್ತಿತ್ತು. ಅದೇ ಕಾಲಕ್ಕೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ನಡೆಸುತ್ತಿದ್ದ.

ಶಾಲೆಯ ಮೈದಾನದ ಹೊರಗೆ ನೇರ ರಸ್ತೆಯೊಂದು ಸಿಕ್ಕರೆ 200 ಮೀಟರ್ ಟೇಪ್ ಹಿಡಿದು ಅಳೆಯಿರಿ. ಎರಡೂ ತುದಿಗೆ ಗೂಟ ಹೊಡೆದು ‘ಅ’, ‘ಆ’ ಎಂದು ಹೆಸರಿಡಿ. ದೂರದ ಗೋಪುರವೋ ನೀರಿನ ಟ್ಯಾಂಕೋ ಒಂದನ್ನು ಆರಿಸಿಕೊಳ್ಳಿ. ದೊಡ್ಡ ಕೋನಮಾಪಕವನ್ನು ರಟ್ಟಿಗೆ ಅಂಟಿಸಿ, ನಡುವೆ ಗುಂಡುಸೂಜಿ ಚುಚ್ಚಿ, ನೇರ ಕಡ್ಡಿಯೊಂದನ್ನು ತಿರುಗುವಂತೆ ಇಟ್ಟರೆ ಥಿಯೊಡೊಲೈಟ್ ಆಯಿತು. ‘ಅ’ ತುದಿಯಲ್ಲಿ ರಸ್ತೆಗೂ ಗೋಪುರಕ್ಕೂ ನಡುವಿನ ಕೋನ 60 ಡಿಗ್ರಿ, ‘ಆ’ ತುದಿಯಲ್ಲಿ 70 ಬಂದರೆ ಗೋಪುರದ ಬಳಿಯ ಕೋನ 50. ‘ಆ’ ತುದಿಯಿಂದ ಗೋಪುರಕ್ಕೆ ದೂರ: 200ನ್ನು ಸೈನ್ 60ರಿಂದ ಗುಣಿಸಿ ಸೈನ್ 50ರಿಂದ ಭಾಗಿಸಿದರೆ 226 ಮೀಟರ್. ಆಮೇಲೆ ಮಕ್ಕಳಿಂದ ಬೇಕೆಂದೇ ತಪ್ಪು ಮಾಡಿಸಿ. 70ರ ಬದಲು 71 ಓದಿದರೆ ಉತ್ತರ 229.5 ಆಗುತ್ತದೆ; ಒಂದೇ ಡಿಗ್ರಿಗೆ ಮೂರೂವರೆ ಮೀಟರ್ ಹೋಯಿತು. ಲ್ಯಾಂಬ್ಟನ್ ಅರ್ಧ ಟನ್ನಿನ ಯಂತ್ರವನ್ನು ಬೆಟ್ಟ ಹತ್ತಿಸಿದ್ದು ಏಕೆ ಎಂದು ಆಗ ಅವರಿಗೇ ಗೊತ್ತಾಗುತ್ತದೆ.

ಪ್ರ: ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಯುದ್ಧದ ಚಿತ್ರದಲ್ಲಿ ದೂರದವರೂ ಹತ್ತಿರದವರೂ ಒಂದೇ ಗಾತ್ರ. ಚಿತ್ರಕಾರರಿಗೆ ದೂರ ತೋರಿಸಲು ಬರುತ್ತಿರಲಿಲ್ಲವೇ? – ಚಿತ್ರಕಲಾ ಶಿಕ್ಷಕಿ, ಶ್ರೀರಂಗಪಟ್ಟಣ

ಉ: ಬರುತ್ತಿತ್ತು. ಅವರು ತೋರಿಸಲು ಹೊರಟದ್ದೇ ಬೇರೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಅರಮನೆಯ ಪಶ್ಚಿಮ ಗೋಡೆಯಲ್ಲಿರುವುದು 1780ರ ಪೊಲ್ಲಿಲೂರು ಯುದ್ಧ. ಮುಂದಿನ ಸಲ ಹೋದಾಗ ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳ ಚೌಕವನ್ನು ಹತ್ತಿರದಿಂದ ನೋಡಿ. ಚೌಕದ ನಾಲ್ಕೂ ಬದಿ ನಮಗೆ ಕಾಣುತ್ತದೆ, ಅಂದರೆ ನಾವು ಮೇಲಿದ್ದೇವೆ. ಸಿಪಾಯಿಗಳು ಮಾತ್ರ ಅಡ್ಡದಿಂದ ಕಾಣುತ್ತಾರೆ. ಮುಖ, ಕೋಟು, ಬಂದೂಕು, ಕಾಲು ಎಲ್ಲ ಪಕ್ಕದಲ್ಲಿ ನಿಂತು ನೋಡಿದಂತೆ. ಚೌಕದ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷ್ ಸೇನಾನಾಯಕ ಕರ್ನಲ್ ಬೈಲಿ, ಅಲ್ಲೇ ಸಿಡಿಯುತ್ತಿರುವ ಮದ್ದಿನ ಬಂಡಿ. ನೆಲದ ಮಟ್ಟದಿಂದ ಬರೆದಿದ್ದರೆ ಮೊದಲ ಸಾಲಿನ ಸಿಪಾಯಿಗಳ ಬೆನ್ನ ಹಿಂದೆ ಬೈಲಿಯೂ ಬಂಡಿಯೂ ಮುಚ್ಚಿಹೋಗುತ್ತಿದ್ದವು. ನೆತ್ತಿಯಿಂದ ಬರೆದಿದ್ದರೆ ಟೋಪಿಗಳಷ್ಟೇ ಕಾಣುತ್ತಿದ್ದವು. ಯಾರು ಎಲ್ಲಿದ್ದರು, ಯಾರು ಹೇಗಿದ್ದರು ಎಂಬ ಎರಡನ್ನೂ ಹೇಳಬೇಕೆಂದು ಚಿತ್ರಕಾರ ನೆಲವನ್ನು ನಮ್ಮತ್ತ ಎತ್ತಿ ನಿಲ್ಲಿಸಿದ್ದಾನೆ. ಕಣ್ಣಿಗೆ ಎದುರಾಗಿ ಎತ್ತಿಟ್ಟ ತಟ್ಟೆಯಂತೆ ಎಂದುಕೊಳ್ಳಿ. ಮೇಲಿರುವುದು ದೂರ, ಕೆಳಗಿರುವುದು ಹತ್ತಿರ. ಇವತ್ತು ಗೋಡೆಯ ಮೇಲಿರುವ ಬಣ್ಣವೆಲ್ಲ ಟಿಪ್ಪು ಕಾಲದ್ದಲ್ಲ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಚಿತ್ರಗಳನ್ನು ಮತ್ತೆ ಬರೆಸಲಾಯಿತು. ರಚನೆ ಹಳೆಯದೇ.

ಮಕ್ಕಳಿಂದ ಇದನ್ನು ಮಾಡಿಸಲು ಸಂತೆಯೋ ಊರ ಜಾತ್ರೆಯೋ ಒಳ್ಳೆಯ ವಿಷಯ. ಮೊದಲು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ನೆಲದ ನಕ್ಷೆ ಮಾತ್ರ ಬರೆಯಲಿ: ತೇರಿನ ಬೀದಿ, ಕೊಳ, ಅಂಗಡಿ ಸಾಲು, ದೇವಸ್ಥಾನದ ಪ್ರಾಕಾರ. ಆಮೇಲೆ ಒಂದೊಂದನ್ನೂ ಅದರ ಜಾಗದಲ್ಲಿ ಎಬ್ಬಿಸಿ ನಿಲ್ಲಿಸಲಿ. ತೇರಿಗೆ ಅಡ್ಡನೋಟ, ಕೊಳಕ್ಕೆ ಮೇಲಿನ ನೋಟ, ಕೊಳದೊಳಗಿನ ಮೀನಿಗೆ ಮತ್ತೆ ಅಡ್ಡನೋಟ. ದೂರ ಎಂದು ಯಾರನ್ನೂ ಚಿಕ್ಕದಾಗಿ ಬರೆಯುವಂತಿಲ್ಲ. ಮೇಲಿನ ಸಾಲಿನಿಂದ ಶುರು ಮಾಡಿ ಕೆಳಕ್ಕೆ ಬರಬೇಕು. ಕೆಳಗಿನಿಂದ ಶುರು ಮಾಡಿದರೆ ಹಿಂದಿನವರ ಕಾಲು ಮುಂದಿನವರ ತಲೆಯ ಮೇಲೆ ಏರಿ ಚಿತ್ರ ಕೆಡುತ್ತದೆ. ಮಕ್ಕಳು ಹೆಚ್ಚಾಗಿ ತಪ್ಪುವುದು ಮನೆಗಳಲ್ಲಿ: ಸೂರು ಒಂದು ಕಡೆ ನೋಡಿದರೆ ಗೋಡೆ ಇನ್ನೊಂದು ಕಡೆ. ಎಲ್ಲ ಮನೆಗಳೂ ಒಂದೇ ಓರೆಯಲ್ಲಿ, ಸುಮಾರು 30 ಡಿಗ್ರಿಯಲ್ಲಿ ಇರಲಿ ಎಂದು ಮೊದಲೇ ಹೇಳಿಬಿಡಿ.

ಪ್ರ: ಚಾಮುಂಡಿ ಬೆಟ್ಟದಿಂದ ಅರಮನೆಯ ದೀಪಾಲಂಕಾರದ ಫೋಟೊ ಸರಿಯಾಗಿ ಬರುವುದೇ ಇಲ್ಲ. ಒಂದೋ ಬಿಳಿ ಉಂಡೆ, ಇಲ್ಲವೇ ಸುತ್ತಲೂ ಕತ್ತಲೆ. – ಹವ್ಯಾಸಿ, ಕುವೆಂಪುನಗರ

ಉ: ಇದಕ್ಕೆ ಕ್ಯಾಮೆರಾಕ್ಕಿಂತ ಕ್ಯಾಲೆಂಡರ್ ಮುಖ್ಯ. ದೀಪ ಹತ್ತುವುದು ಸಾಮಾನ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ. ನವೆಂಬರಿನಲ್ಲಿ ಮೈಸೂರಿನ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ, ಏಳರ ಹೊತ್ತಿಗೆ ಆಕಾಶ ಪೂರ್ತಿ ಕಪ್ಪು. ಮೇ ತಿಂಗಳಲ್ಲಿ ಮುಳುಗುವುದು ಆರೂಮುಕ್ಕಾಲಿನ ಹತ್ತಿರ. ದೀಪ ಹತ್ತಿದಾಗ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ, ಊರಿನ ಮನೆಗಳೂ ಮಸುಕಾಗಿ ಕಾಣುತ್ತವೆ. ಸುಮಾರು ಲಕ್ಷ ಬಲ್ಬಿನ ಬೆಳಕಿಗೂ ಸುತ್ತಲಿನ ಬೆಳಕಿಗೂ ಅಂತರ ಕಡಿಮೆ ಇರುವುದು ಆ ಹತ್ತು ಹದಿನೈದು ನಿಮಿಷ ಮಾತ್ರ. ಬೇಸಿಗೆ ಮಳೆ ಬಂದು ಹೋದ ಭಾನುವಾರ ಸಿಕ್ಕರೆ ಬಿಡಬೇಡಿ, ದೂಳೆಲ್ಲ ತೊಳೆದುಹೋಗಿರುತ್ತದೆ.

ಬೆಟ್ಟದ ಮೇಲಿನಿಂದ ಅರಮನೆ ನೇರ ಗೆರೆಯಲ್ಲಿ ಹತ್ತಿರ ಹತ್ತಿರ 4 ಕಿ.ಮೀ. ದೂರ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 200 ಎಂಎಂ ಲೆನ್ಸ್ ಹಾಕಿದರೆ ಅಷ್ಟು ದೂರದಲ್ಲಿ 720 ಮೀಟರ್ ಅಗಲ ತುಂಬುತ್ತದೆ. ಅರಮನೆಯ ಉದ್ದ 245 ಅಡಿ, 75 ಮೀಟರ್. ಚಿತ್ರದ ಹತ್ತನೇ ಒಂದು ಪಾಲು. ಅರಮನೆಯೇ ಮುಖ್ಯವಾಗಬೇಕಾದರೆ 400ರಿಂದ 600 ಎಂಎಂ ಬೇಕು. ಊರಿನ ನಡುವೆ ಹೊಳೆಯುವ ಅರಮನೆ ಬೇಕಿದ್ದರೆ 200 ಸಾಕು, ನಮ್ಮ ಮಟ್ಟಿಗೆ ಅದೇ ಚೆಂದ. ಐಎಸ್ಒ 200, ಎಫ್ 8, ಒಂದರಿಂದ ಎರಡು ಸೆಕೆಂಡಿನಿಂದ ಶುರು ಮಾಡಿ. ಬಲ್ಬಿನ ಸಾಲು ಬಿಡಿಬಿಡಿಯಾಗಿ ಕಾಣುವವರೆಗೆ ಸಮಯ ಕಡಿಮೆ ಮಾಡುತ್ತಾ ಹೋಗಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಷನ್ ಆಫ್ ಇರಲಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಬೆಟ್ಟದ ಗಾಳಿಗೆ ಟ್ರೈಪಾಡ್ ಅಲುಗದಿರಲೆಂದು ಚೀಲ ನೇತುಹಾಕುವವರು ಅದರ ತಳ ನೆಲಕ್ಕೆ ತಾಗುವಂತೆ ನೋಡಿಕೊಳ್ಳಬೇಕು. ತೂಗಾಡುವ ಚೀಲ ಇನ್ನಷ್ಟು ಅಲುಗಿಸುತ್ತದೆ.

ಹಗಲಿನ ಫೋಟೊಕ್ಕೆ ಬೆಳಿಗ್ಗೆಯೇ ಸರಿ. ಬೆಟ್ಟದಿಂದ ಊರು ಉತ್ತರ ವಾಯವ್ಯಕ್ಕಿದೆ, ಬೆಳಗಿನ ಸೂರ್ಯ ಬಲಗಡೆ ಇರುತ್ತಾನೆ. ಪೋಲರೈಜರ್ ಫಿಲ್ಟರ್ ಮಂಜನ್ನು ಕತ್ತರಿಸುವುದು ಸೂರ್ಯನಿಗೆ 90 ಡಿಗ್ರಿಯಲ್ಲಿ ನೋಡುವಾಗಲೇ. ಮಧ್ಯಾಹ್ನ ಮೂರರ ಬಿಸಿಗೆ ಟಾರು ರಸ್ತೆಗಳಿಂದ ಏಳುವ ಗಾಳಿ ಉದ್ದ ಲೆನ್ಸಿನಲ್ಲಿ ನೀರಿನಂತೆ ಅಲೆಯಾಡುತ್ತದೆ, ಅದನ್ನು ಆಮೇಲೆ ಯಾವ ತಂತ್ರಾಂಶವೂ ಸರಿಪಡಿಸಲಾರದು.

ಪ್ರ: ಡ್ರೋನ್ ಕೊಳ್ಳಲು ದುಡ್ಡಿಲ್ಲ. ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಫೋಟೊ ತೆಗೆಯಬಹುದು ಎಂದು ಕೇಳಿದ್ದೇನೆ. ಕೊಕ್ಕರೆ ಬೆಳ್ಳೂರಿನ ಹಕ್ಕಿ ಗೂಡುಗಳನ್ನು ಮೇಲಿನಿಂದ ತೆಗೆಯಬೇಕೆಂಬ ಆಸೆ. – ಪದವಿ ವಿದ್ಯಾರ್ಥಿ, ಮದ್ದೂರು

ಉ: ಮೊದಲ ಮಾತು: ಕೊಕ್ಕರೆ ಬೆಳ್ಳೂರಿನಲ್ಲಾಗಲಿ ರಂಗನತಿಟ್ಟಿನಲ್ಲಾಗಲಿ ಗಾಳಿಪಟವೂ ಬೇಡ, ಡ್ರೋನೂ ಬೇಡ. ತಲೆಯ ಮೇಲೆ ನಿಧಾನವಾಗಿ ತೇಲುವ ದೊಡ್ಡ ಆಕಾರವನ್ನು ಗೂಡಿನಲ್ಲಿರುವ ಹಕ್ಕಿ ಹದ್ದು ಎಂದೇ ತಿಳಿಯುತ್ತದೆ. ಗಾಬರಿಯಿಂದ ಎದ್ದ ತಾಯಿಯ ಕಾಲಿಗೆ ಸಿಕ್ಕಿ ಮೊಟ್ಟೆ ಉರುಳುತ್ತದೆ, ಮರಿ ಬಿಸಿಲಿಗೆ ಬೀಳುತ್ತದೆ. ಬೇರೆ ಜಾಗ ಹುಡುಕಿ. ಕೊಯ್ಲಾದ ಗದ್ದೆ ಬಯಲು, ಕೆರೆಯ ಏರಿ, ಆಲೆಮನೆಯ ಅಂಗಳ ಎಲ್ಲವೂ ಮೇಲಿನಿಂದ ಬಹಳ ಚೆನ್ನಾಗಿ ಕಾಣುತ್ತವೆ.

ಇದು ಹಳೆಯ ವಿದ್ಯೆ. ಫ್ರಾನ್ಸಿನ ಆರ್ಥರ್ ಬಟು 1888ರಲ್ಲೇ ಗಾಳಿಪಟದಿಂದ ಫೋಟೊ ತೆಗೆದಿದ್ದ. ಮಕ್ಕಳು ಹಾರಿಸುವ ಕಾಗದದ ಪಟ ಇದಕ್ಕೆ ಆಗುವುದಿಲ್ಲ. ಜಪಾನಿನ ರೊಕ್ಕಾಕು ಎಂಬ ಆರು ಮೂಲೆಯ ಪಟ, ಸುಮಾರು 180 ಸೆಂ.ಮೀ. ಎತ್ತರದ್ದು, 150 ಗ್ರಾಂ ತೂಕದ ಆ್ಯಕ್ಷನ್ ಕ್ಯಾಮೆರಾವನ್ನು ಸಲೀಸಾಗಿ ಎತ್ತುತ್ತದೆ. ದಾರ ಹೆಣೆದ ಡೇಕ್ರಾನ್, 90 ಕಿಲೊ ತಡೆಯುವಂಥದ್ದು. ಗಾಜಿನ ಪುಡಿ ಹಚ್ಚಿದ ಮಾಂಜಾ ಮುಟ್ಟಲೂಬೇಡಿ. ಚರ್ಮದ ಕೈಗವಸು ಇಲ್ಲದೆ ಈ ಪಟವನ್ನು ಹಿಡಿಯಬಾರದು, ದಾರ ಜಾರಿದರೆ ಅಂಗೈ ಸುಲಿದುಹೋಗುತ್ತದೆ.

ಆಷಾಢದ ಗಾಳಿ ಪಟಕ್ಕೆ ಹೇಳಿಮಾಡಿಸಿದ್ದು ಎನ್ನುತ್ತಾರೆ, ಕ್ಯಾಮೆರಾಕ್ಕೆ ಅದು ಜೋರಾಯಿತು. ಎಲೆಗಳೂ ಸಣ್ಣ ಕಡ್ಡಿಗಳೂ ಬಿಡದೆ ಅಲುಗುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿ.ಮೀ., ಅದೇ ಸರಿಯಾದ ಗಾಳಿ. ದೂಳು, ಕಾಗದ ಮೇಲೇಳುತ್ತಿದ್ದರೆ ಆ ದಿನ ಪಟವನ್ನಷ್ಟೇ ಹಾರಿಸಿ.

ಕ್ಯಾಮೆರಾವನ್ನು ಪಟಕ್ಕೇ ಕಟ್ಟುವುದು ಎಲ್ಲರೂ ಮಾಡುವ ಮೊದಲ ತಪ್ಪು. ಪಟದ ಪ್ರತಿ ಕುಲುಕಾಟವೂ ಚಿತ್ರಕ್ಕೆ ಬರುತ್ತದೆ. ಪಟ ಮೇಲೇರಿ ಸ್ಥಿರವಾದ ಮೇಲೆ, ಅದರಿಂದ 20–30 ಮೀಟರ್ ಕೆಳಗೆ ದಾರಕ್ಕೆ ಕ್ಯಾಮೆರಾ ಕಟ್ಟಬೇಕು. ಆಮೇಲೆ ದಾರ ಬಿಟ್ಟಷ್ಟೂ ಅದು ಏರುತ್ತದೆ. ದಾರಕ್ಕೆ ನೇರ ಕಟ್ಟಿದರೂ ಲೋಲಕದಂತೆ ತೂಗುತ್ತದೆ. ಅದಕ್ಕೆ ಪಿಕವೆ ಎಂಬ ತೂಗುಕಟ್ಟು ಮಾಡಿಕೊಳ್ಳಿ: 20 ಸೆಂ.ಮೀ.ನ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಕೂಡಿಸುವ ಚಿಹ್ನೆಯಂತೆ ಅಡ್ಡ ಇಟ್ಟು, ನಾಲ್ಕು ತುದಿಗೂ ನುಣುಪಾದ ಬಳೆ ಹಾಕಿ. ಪಟದ ದಾರದ ಮೇಲೆ ಒಂದು ಮೀಟರಿಗೂ ತುಸು ಹೆಚ್ಚು ಅಂತರದಲ್ಲಿ ಎರಡು ಕೊಕ್ಕೆ. ಸುಮಾರು 5 ಮೀಟರಿನ ಒಂದೇ ತೆಳು ದಾರ ಮೇಲಿನ ಕೊಕ್ಕೆಗಳ ಮತ್ತು ನಾಲ್ಕು ಬಳೆಗಳ ನಡುವೆ ಹೋಗಿ ಬಂದು ಕೊನೆಗೆ ತನ್ನ ತುದಿಗೇ ಸೇರಬೇಕು. ನಡುವೆ ಎಲ್ಲೂ ಗಂಟು ಇರಬಾರದು. ಪಟದ ದಾರ ಎಷ್ಟೇ ಓರೆಯಾದರೂ ತೆಳು ದಾರ ಬಳೆಗಳಲ್ಲಿ ಜಾರಿ ಕ್ಯಾಮೆರಾವನ್ನು ಮಟ್ಟಸವಾಗಿ ಇಡುತ್ತದೆ. ಬಳೆ ಒರಟಾಗಿದ್ದರೆ ದಾರ ಜಾರುವುದಿಲ್ಲ, ಎಲ್ಲ ಚಿತ್ರವೂ ವಾಲುತ್ತವೆ.

ಶಟರ್ 1/1000, ಎರಡು ಸೆಕೆಂಡಿಗೆ ಒಂದು ಚಿತ್ರ. ಗಂಟೆಗೆ 1,800 ಚಿತ್ರ ಬರುತ್ತದೆ, ಕೈಗೆ ಹತ್ತುವುದು ಕೆಲವೇ, ಅದಕ್ಕೆ ಬೇಜಾರಾಗಬೇಡಿ. ಕರೆಂಟ್ ತಂತಿ ಇರುವ ಕಡೆ, ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ ಹಾರಿಸಬೇಡಿ. ಒದ್ದೆಯಾದ ದಾರದಲ್ಲಿ ಕರೆಂಟ್ ಹರಿಯುತ್ತದೆ ಎಂಬುದನ್ನು ಮರೆಯಬೇಡಿ.

ಪ್ರ: ಡ್ರೋನ್ ಚಿತ್ರಗಳನ್ನು ಜೋಡಿಸಿ ಕಬ್ಬಿನ ಗದ್ದೆಯ ನಕ್ಷೆ ಮಾಡಿದರೆ ಗದ್ದೆ ಕರಗಿದ ಮೇಣದಂತೆ ಬರುತ್ತದೆ. ರಸ್ತೆ, ಮನೆ ಮಾತ್ರ ಸರಿಯಾಗಿರುತ್ತವೆ. – ಕೃಷಿ ಪದವೀಧರ, ಮಂಡ್ಯ

ಉ: ಚಿತ್ರ ಜೋಡಿಸುವ ತಂತ್ರಾಂಶ ಎರಡು ಚಿತ್ರಗಳಲ್ಲಿ ಒಂದೇ ಬಿಂದುವನ್ನು ಹುಡುಕುತ್ತದೆ. ಮನೆಯ ಮೂಲೆ ಅಲುಗುವುದಿಲ್ಲ, ಕಬ್ಬಿನ ಗರಿ ಎರಡು ಸೆಕೆಂಡಿನಲ್ಲಿ ಬೇರೆ ಕಡೆ ಇರುತ್ತದೆ. ಜತೆಗೆ ಎಲ್ಲ ಗರಿಯೂ ಒಂದೇ ಥರ. ಬೆಳಿಗ್ಗೆ ಗಾಳಿ ಏಳುವ ಮೊದಲು ಹಾರಿಸಿ. ತೆಳು ಮೋಡ ಕವಿದಿದ್ದರೆ ನೆರಳಿನ ಕಾಟವೂ ಇರುವುದಿಲ್ಲ.

ಎತ್ತರ ಹೆಚ್ಚಿಸಿ. ವಿವರ ಹೆಚ್ಚು ಸಿಗಲೆಂದು 40 ಮೀಟರಿಗೆ ಇಳಿಯುವುದೇ ಕೆಲಸ ಕೆಡಿಸುತ್ತದೆ: ಮೂರು ಮೀಟರಿನ ಕಬ್ಬು ಅಷ್ಟು ಹತ್ತಿರದಿಂದ ಪ್ರತಿ ಚಿತ್ರದಲ್ಲೂ ಬೇರೆ ಕಡೆಗೆ ವಾಲಿದಂತೆ ಕಾಣುತ್ತದೆ. ಒಂದು ಇಂಚಿನ ಸೆನ್ಸರ್, 8.8 ಎಂಎಂ ಲೆನ್ಸ್, 5,472 ಪಿಕ್ಸೆಲ್ ಅಗಲದ ಕ್ಯಾಮೆರಾ ಎಂದುಕೊಳ್ಳಿ. 100 ಮೀಟರಿನಲ್ಲಿ ಒಂದು ಚಿತ್ರ 150 ಮೀಟರ್ ಅಗಲ, 100 ಮೀಟರ್ ಉದ್ದದ ನೆಲ ಹಿಡಿಯುತ್ತದೆ. ಒಂದು ಪಿಕ್ಸೆಲ್‌ಗೆ 2.7 ಸೆಂ.ಮೀ. ಸಾಲಿನ ನಡುವೆ ಪೈರು ಹೋಗಿರುವ ಜಾಗ ಗುರುತಿಸಲು ಇದು ಧಾರಾಳ. ಮುಂದಕ್ಕೆ ನೂರಕ್ಕೆ 85, ಪಕ್ಕಕ್ಕೆ ನೂರಕ್ಕೆ 75 ಪಾಲು ಒಂದರ ಮೇಲೊಂದು ಬರುವಂತೆ ಇಡಿ. ಅಂದರೆ 15 ಮೀಟರಿಗೊಂದು ಚಿತ್ರ, 37.5 ಮೀಟರಿಗೊಂದು ಸಾಲು. ಎರಡು ಸೆಕೆಂಡಿಗೊಂದು ಚಿತ್ರವಾದರೆ ವೇಗ ಸೆಕೆಂಡಿಗೆ ಏಳೂವರೆ ಮೀಟರ್. 300 ಮೀಟರ್ ಉದ್ದ, 200 ಮೀಟರ್ ಅಗಲದ ಹದಿನೈದು ಎಕರೆಗೆ ಏಳು ಸಾಲು, 170ರ ಹತ್ತಿರ ಚಿತ್ರ. ಒಂದೇ ಬ್ಯಾಟರಿಯಲ್ಲಿ ಮುಗಿಯುತ್ತದೆ. ಶಟರ್ 1/500ಕ್ಕಿಂತ ನಿಧಾನ ಬೇಡ. 1/100ರಲ್ಲಿ ಡ್ರೋನ್ ಏಳೂವರೆ ಸೆಂ.ಮೀ. ಮುಂದೆ ಹೋಗಿರುತ್ತದೆ, ಸುಮಾರು ಮೂರು ಪಿಕ್ಸೆಲ್ ಮಸುಕು.

ಹೊರಡುವ ಮೊದಲು ನೆಲದ ಗುರುತಿಗೆಂದು 60 ಸೆಂ.ಮೀ.ನ ಕಪ್ಪು ಬಿಳುಪು ಚೌಕಗಳನ್ನು ನಾಲ್ಕು ಮೂಲೆಗೂ ನಡುವಿಗೊಂದೂ ಇಡಿ. ನಡುವಿನದು ಇಲ್ಲದಿದ್ದರೆ ನೆಲ ಬೋಗುಣಿಯಂತೆ ಬಾಗಿದರೂ ಗೊತ್ತಾಗುವುದಿಲ್ಲ. ಕಬ್ಬಿನೊಳಗೆ ಚೌಕ ಕಾಣದು, ನಾಲೆಯ ಏರಿಯ ಮೇಲೋ ತೆವರಿ ಕೂಡುವಲ್ಲೋ ಇಡಿ. ಡ್ರೋನ್‌ಗೆ ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲೂ 400 ಅಡಿ, ಅಂದರೆ 120 ಮೀಟರ್ ಮೀರುವಂತಿಲ್ಲ. ನಿಮ್ಮ ಜಾಗ ಯಾವ ವಲಯದಲ್ಲಿದೆ ಎಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡೇ ಹೊರಡಿ.

ಪ್ರ: ಆಕಾಶದಿಂದ ತೆಗೆದ ಮೊದಲ ಫೋಟೊ ಯಾರದು? – ಓದುಗರು, ನಂಜನಗೂಡು

ಉ: ಫ್ರಾನ್ಸಿನ ನಡಾರ್ 1858ರಲ್ಲಿ ಪ್ಯಾರಿಸ್ ಬಳಿ ಬಲೂನಿನಿಂದ ತೆಗೆದದ್ದು. ಬಲೂನಿನ ಅನಿಲ ಅವನ ಒದ್ದೆ ಗಾಜಿನ ಫಲಕಗಳನ್ನು ಮತ್ತೆ ಮತ್ತೆ ಕಪ್ಪಾಗಿಸುತ್ತಿತ್ತು. ಕೊನೆಗೆ ಅನಿಲದ ಬಾಯಿ ಮುಚ್ಚಿ ಹಾರಿದಾಗ ಚಿತ್ರ ಮೂಡಿತು. ಅದು ಉಳಿದಿಲ್ಲ. ಉಳಿದಿರುವುದರಲ್ಲಿ ಹಳೆಯದು 1860ರ ಅಕ್ಟೋಬರಿನಲ್ಲಿ ಜೇಮ್ಸ್ ವಾಲೆಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ ಚಿತ್ರ.

ಪ್ರ: ಕಿರುಚಿತ್ರಕ್ಕೆ ಚಾಪೆಯ ಮೇಲೆ ಮಲಗಿದವಳ ಟಾಪ್ ಆ್ಯಂಗಲ್ ಶಾಟ್ ಬೇಕು. ಮನೆಯ ಸೂರು 10 ಅಡಿ, ಇರುವುದು ಮೊಬೈಲ್ ಒಂದೇ. – ಕಿರುಚಿತ್ರ ತಂಡ, ಮೈಸೂರು

ಉ: ಸಾಕು. ಸಾಮಾನ್ಯ ಮೊಬೈಲಿನ ಮುಖ್ಯ ಲೆನ್ಸ್ 26 ಎಂಎಂಗೆ ಸಮ, ಎರಡು ಮೀಟರ್ ಎತ್ತರದಿಂದ ಎರಡೂಮುಕ್ಕಾಲು ಮೀಟರ್ ಅಗಲ ಹಿಡಿಯುತ್ತದೆ. ವಿಡಿಯೊದ ಸ್ಟೆಬಿಲೈಸೇಷನ್ ಅದರಲ್ಲಿ ಐದನೇ ಒಂದು ಪಾಲು ನುಂಗಿದರೂ ಮನುಷ್ಯ ಆಕೃತಿ ಉದ್ದಕ್ಕೆ ಹಿಡಿಸುತ್ತದೆ. ಎರಡು ಗಟ್ಟಿ ಏಣಿಗಳ ನಡುವೆ ಮರದ ಪಟ್ಟಿ ಕಟ್ಟಿ ಅದಕ್ಕೆ ಮೊಬೈಲ್ ಬಿಗಿಯಿರಿ; ಮೊಬೈಲಿಗೂ ಪಟ್ಟಿಗೂ ಬೇರೆ ಒಂದು ಹಗ್ಗ ಇರಲೇಬೇಕು, ಕೆಳಗೆ ಮುಖ ಇದೆ. ಫ್ಯಾನಿನ ಕೊಕ್ಕೆಗೆ ಕಟ್ಟಬೇಡಿ.

ಮೊಬೈಲ್ ನೆಲ ನೋಡುತ್ತಿರುವಾಗ ರೆಕಾರ್ಡ್ ಒತ್ತಿದರೆ ಅದಕ್ಕೆ ಉದ್ದ ಯಾವುದು ಅಡ್ಡ ಯಾವುದು ಎಂದು ತಿಳಿಯದೆ ಚಿತ್ರ 90 ಡಿಗ್ರಿ ತಿರುಗಿಬಿಡುತ್ತದೆ. ಅಡ್ಡಕ್ಕೆ ಹಿಡಿದು ರೆಕಾರ್ಡ್ ಶುರು ಮಾಡಿ, ಆಮೇಲೆ ಕೆಳಕ್ಕೆ ಬಗ್ಗಿಸಿ. ಟ್ಯೂಬ್‌ಲೈಟಿನ ಕೆಳಗೆ ಶಟರ್ 1/50 ಅಥವಾ 1/100 ಇಡಿ, ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಬೇರೆ ವೇಗದಲ್ಲಿ ಪಟ್ಟೆ ಹರಿಯುತ್ತದೆ. ಸೂರಿನ ದೀಪ ಆರಿಸಿ, ಕಿಟಕಿಯ ಕಡೆಯಿಂದ ಮಾತ್ರ ಬೆಳಕು ಬರಲಿ. ಇಲ್ಲವಾದರೆ ಏಣಿಯ ನೆರಳು ಚಾಪೆಯ ಮೇಲೆ ಬೀಳುತ್ತದೆ. ಮುಂದಿನ ಶಾಟ್‌ನಲ್ಲಿ ಅವಳು ಎದ್ದು ಬಲಕ್ಕೆ ಹೋಗುವುದಾದರೆ ಟಾಪ್ ಶಾಟ್‌ನಲ್ಲೂ ಆ ಬಾಗಿಲು ಬಲಕ್ಕೇ ಇರಬೇಕು. ಮೇಲಿನ ನೋಟಕ್ಕೆ ತನ್ನದೇ ಎಡಬಲ ಇರುವುದಿಲ್ಲ, ನೀವೇ ಕೊಡಬೇಕು.

ಪ್ರ: ಸೋಮನಾಥಪುರದ ದೇವಸ್ಥಾನದ ನಕ್ಷತ್ರದ ಆಕಾರ ಕೆಳಗೆ ನಿಂತರೆ ಗೊತ್ತಾಗುವುದಿಲ್ಲ. ಡ್ರೋನ್ ಬಿಡಬಹುದೇ? ಅದನ್ನು ಬರೆಯುವುದು ಹೇಗೆ? – ವಾಸ್ತುಶಿಲ್ಪ ವಿದ್ಯಾರ್ಥಿ, ಮೈಸೂರು

ಉ: ಅದು ಸಂರಕ್ಷಿತ ಸ್ಮಾರಕ, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಪುರಾತತ್ತ್ವ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಬಿಡುವಂತಿಲ್ಲ. ಬೇಕಾಗಿಯೂ ಇಲ್ಲ. 1268ರ ಈ ಗುಡಿಯ ಜಗತಿ (ಗುಡಿ ನಿಂತಿರುವ ಕಟ್ಟೆ) ಮೇಲಿನ ಗೋಡೆಯ ಮಡಿಕೆಗಳನ್ನೇ ಅನುಸರಿಸುತ್ತದೆ. ಜಗತಿಯ ಮೇಲೆ ಗೋಡೆಗೆ ಕೈ ತಾಗಿಸದೆ ಒಂದು ಸುತ್ತು ನಡೆಯಿರಿ, ಮೊನೆಗಳನ್ನು ಎಣಿಸಿ, ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ಮೂರೂ ಗರ್ಭಗುಡಿಗಳದು ಹದಿನಾರು ಮೊನೆಯ ನಕ್ಷತ್ರ. ನವರಂಗಕ್ಕೆ (ನಡುವಿನ ಮಂಟಪಕ್ಕೆ) ಅಂಟಿಕೊಂಡ ಕಡೆ ಕೆಲವು ಮೊನೆ ಒಳಗೆ ಮುಚ್ಚಿಹೋಗಿರುವುದರಿಂದ ಎಣಿಕೆ ಹದಿನಾರಕ್ಕೆ ಬರುವುದಿಲ್ಲ.

ಬರೆಯಲು 8 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು ಅದರೊಳಗೆ ಒಂದು ಚೌಕ ಕೂರಿಸಿ, ಬದಿ 11.3 ಸೆಂ.ಮೀ. ಬರುತ್ತದೆ. ಅದೇ ಚೌಕವನ್ನು ನಡುಬಿಂದುವಿನ ಸುತ್ತ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಹೀಗೆ ಒಟ್ಟು ನಾಲ್ಕು ಚೌಕ. ಕೋನಮಾಪಕ ಬೇಡ, ಕೈವಾರದಿಂದ 90ನ್ನು ಎರಡು ಸಲ ಅರ್ಧ ಮಾಡಿದರೆ ಇಪ್ಪತ್ತೆರಡೂವರೆ. ಹೊರಗಿನ ಗೆರೆ ಮಾತ್ರ ಉಳಿಸಿ ಒಳಗಿನದೆಲ್ಲ ಅಳಿಸಿ. ಪ್ರತಿ ಮೊನೆಯೂ ಚೌಕದ ಮೂಲೆಯೇ ಆದ್ದರಿಂದ 90 ಡಿಗ್ರಿ ಇರುತ್ತದೆ, ಒಳಗಿನ ಕಚ್ಚುಗಳು ನಡುಬಿಂದುವಿನಿಂದ 6.8 ಸೆಂ.ಮೀ. ದೂರದಲ್ಲಿ ಬೀಳುತ್ತವೆ. ಬೀಳದಿದ್ದರೆ ಚೌಕವೊಂದು ಜಾರಿದೆ ಎಂದರ್ಥ. ಬರೆದ ಹಾಳೆಯನ್ನು ಹಿಡಿದುಕೊಂಡು ಇನ್ನೊಮ್ಮೆ ಜಗತಿ ಸುತ್ತಿ. ಬಿಸಿಲು ಓರೆಯಾಗಿ ಬೀಳುವ ಸಂಜೆ ನಾಲ್ಕೂವರೆಗೆ ಒಂದು ಮಡಿಕೆ ಬೆಳಕು, ಪಕ್ಕದ್ದು ನೆರಳು ಎಂದು ಪ್ರತಿ ಮೊನೆಯೂ ಬಿಡಿಬಿಡಿಯಾಗಿ ಕಾಣುತ್ತದೆ.